ಬಾವಿಗೆ ಮಣ್ಣು ಹಾಕಿದ ತರ್ಜುಮೆ

ತರ್ಜುಮೆ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗರು ಈಚೆಗೆ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಇಂಗ್ಲಿಷ್ ಬರುತ್ತದೆ, ಉರ್ದು ಬರುತ್ತದೆ, ಕನ್ನಡವಂತೂ ಮನೆಯ ಮಾತು, ಇನ್ನೇನು ಕಲಿಯಬೇಕು ಎಂದು ಕೇಳುತ್ತಾರೆ. ಅವರ ಮುಖದ ಮೇಲಿನ ಧೈರ್ಯ ನೋಡಿದರೆ ನನಗೆ ನಗು ಬರುತ್ತದೆ. ನನಗೂ ಮೂರು ಭಾಷೆ ಬರುತ್ತಿತ್ತು. ಮೂರನ್ನೂ ಬಲ್ಲ ನಾನು ಕಮಲಾಪುರದ ಒಂದು ಬಾವಿಯನ್ನು ಒಂದೇ ಸಾಲಿನಲ್ಲಿ ಮುಚ್ಚಿಸಿದವನು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವಾಗ ಯಾರು ಹಾರ ಹಾಕಿದರು ಎಂಬುದೆಲ್ಲ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಈ ಬಾವಿಯ ಸಂಗತಿ ಬಂದೀತು.

ನಿಜಾಮರ ಸರಕಾರದಲ್ಲಿ ಕಚೇರಿಯ ಭಾಷೆ ಉರ್ದು. ನಮ್ಮದು ಕಲಬುರಗಿಯಲ್ಲಿ ರಸ್ತೆ, ಕೆರೆ, ಬಾವಿಗಳ ಕೆಲಸ ನೋಡುವ ಕಚೇರಿ. ಎಲ್ಲರ ಮೇಲೆ ಒಬ್ಬ ಇಂಗ್ಲಿಷ್ ಇಂಜಿನಿಯರ್ ಇದ್ದ. ಅವನಿಗೆ ಉರ್ದುವಿನಲ್ಲಿ ಚಹಾ ಕೇಳುವುದಕ್ಕೆ ಬರುತ್ತಿತ್ತು, ಒಂದು ಅಕ್ಷರ ಓದುವುದಕ್ಕೆ ಬರುತ್ತಿರಲಿಲ್ಲ. ಅವನ ಕೆಳಗೆ ಸರಿಶ್ತೇದಾರ ಕರೀಮುದ್ದೀನ್ ಸಾಹೇಬರು. ಕಚೇರಿಯ ಪ್ರತಿ ಕಾಗದವೂ ಅವರ ಕೈ ದಾಟಿಯೇ ಹೊರಗೆ ಹೋಗಬೇಕು. ಉರ್ದು, ಪಾರಸಿ ಎರಡರಲ್ಲೂ ಅವರು ಗಟ್ಟಿ ಕುಳ, ಇಂಗ್ಲಿಷ್ ಅಕ್ಷರ ಕಂಡರೆ ಮಾತ್ರ ಇರುವೆ ಸಾಲು ಎಂದು ಮುಖ ತಿರುಗಿಸುತ್ತಿದ್ದರು. ಇನ್ನು ಹಳ್ಳಿಯ ಕುಲಕರ್ಣಿಗಳಿಗೆ ಕನ್ನಡದಲ್ಲಿ ಬರೆದುಕೊಟ್ಟರೆ ಚಾವಡಿಯಲ್ಲಿ ನಿಂತು ಓದಿ ಹೇಳುತ್ತಿದ್ದರು. ಇಂಜಿನಿಯರ್ ಬರೆದದ್ದನ್ನು ನಾನು ದಫ್ತರಕ್ಕೆಂದು ಉರ್ದುವಿಗೆ, ಊರಿಗೆಂದು ಕನ್ನಡಕ್ಕೆ ತಿರುಗಿಸಬೇಕು. ಎರಡು ದಡದವರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಡುವೆ ನಾನೊಬ್ಬ ಅಂಬಿಗ.

ಈ ಅಂಬಿಗ ದೋಣಿ ನಡೆಸಲು ಎಲ್ಲಿ ಕಲಿತ ಎಂದು ಹೇಳಿಬಿಡುತ್ತೇನೆ. ರೋಜಾ ದರ್ಗಾದ ಹತ್ತಿರ ನಮ್ಮಪ್ಪನ ಎಣ್ಣೆ ಅಂಗಡಿ. ಉರುಸಿಗೆ ಬಂದವರೊಡನೆ ಮಾತಾಡುತ್ತಾ ಮಾತಾಡುತ್ತಾ ನನಗೆ ಬಜಾರಿನ ಉರ್ದು ಬಂತು. ಇಂಗ್ಲಿಷ್ ಕಲಿತದ್ದು ಸೋಲಾಪುರದ ಸೋದರಮಾವನ ಮನೆಯಲ್ಲಿದ್ದು. ಹೀಗೆ ನನ್ನ ಇಂಗ್ಲಿಷಿಗೆ ಪುಸ್ತಕದ ಧೂಳು, ಉರ್ದುವಿಗೆ ಎಣ್ಣೆಯ ಜಿಡ್ಡು. ಅಂಗಡಿಯವನ ಮಗನಾದ ನನಗೆ ನಿಲ್ಲುವುದು, ನಿಲ್ಲಿಸುವುದು, ಮುಗಿಯುವುದು ಎಲ್ಲಕ್ಕೂ ಒಂದೇ ಮಾತು ಸಾಕಾಗಿತ್ತು, ಅದು ಬಂದ್. ಸಂಜೆ ಅಂಗಡಿ ಬಂದ್ ಮಾಡಿದರೆ ಬೆಳಿಗ್ಗೆ ಹಲಗೆ ತೆಗೆಯುತ್ತೇವೆ. ಬಂದ್ ಎಂದ ಮೇಲೆ ಮತ್ತೆ ತೆರೆಯುವುದು ಇದ್ದೇ ಇದೆ, ಅದನ್ನು ಬೇರೆ ಹೇಳಬೇಕೇ ಎಂಬುದು ನನ್ನ ತಿಳಿವಳಿಕೆ. ಲೋಕದಲ್ಲಿ ಎಲ್ಲರೂ ಎಣ್ಣೆ ಅಂಗಡಿ ಇಟ್ಟಿಲ್ಲ ಎಂಬುದು ಹೊಳೆಯಲು ಬಹಳ ದಿನ ಬೇಕಾಯಿತು.

ಮೊದಲ ಪೆಟ್ಟು ಸಣ್ಣದು. ರಸ್ತೆಗೆ ಜಾಗ ಬಿಡುವ ವಿಷಯದಲ್ಲಿ ಇಬ್ಬರು ತೋಟದವರ ನಡುವೆ ತಕರಾರು ಇತ್ತು. ಇಂಜಿನಿಯರ್ ಎದುರು ವಿಚಾರಣೆ ನಡೆದು, ಅರ್ಧಕ್ಕೆ ಅವನಿಗೆ ಬೇರೆ ಕೆಲಸ ಬಂದು, ಅಡ್ಜರ್ನ್ ಎಂದು ಬರೆದು ಎದ್ದ. ವಿಚಾರಣೆ ಬಂದ್ ಆಗಿದೆ ಎಂದು ನಾನು ಬರೆದುಕೊಟ್ಟೆ. ಜಾಗ ಬಿಡಬೇಕಾಗಿದ್ದ ತೋಟದವನು ತಾನು ಗೆದ್ದೆನೆಂದು ಓಣಿಗೆಲ್ಲ ಪೇಡೆ ಹಂಚಿದ. ಎಂಟು ದಿನ ಬಿಟ್ಟು ಮತ್ತೆ ಕರೆ ಹೋದಾಗ ಅವನು ನೇರ ನನ್ನ ಮೇಜಿನ ಎದುರಿಗೆ ಬಂದು ನಿಂತ.

“ಬಂದ್ ಆಗ್ಯಾದ ಅಂದ್ರಿ. ಈಗ ಮತ್ತ ಬಾ ಅಂತೀರಿ. ನಾ ಹಂಚಿದ ಪೇಡೆ ಯಾರ ಹೊಟ್ಟ್ಯಾಗಿಂದ ತಗೀಲಿ ಹೇಳ್ರಿ,” ಎಂದ.

ಎರಡನೆಯದು ಇಂಜಿನಿಯರ್‌ಗೇ ಬಿತ್ತು. ಅವನು ಸಂಚಾರ ಹೊರಟವನು ಕಮಲಾಪುರದಲ್ಲಿ ಹಾಲ್ಟ್ ಎಂದು ಬರೆದ. ಹಾಲ್ಟ್ ಎಂದರೆ ನಿಲ್ಲುವುದಲ್ಲವೇ, ಕಮಲಾಪುರದ ಸಂಚಾರ ಬಂದ್ ಎಂದು ಹಾಕಿದೆ. ಅವನು ಡೇರೆ, ಊಟ, ಕುದುರೆಗೆ ಹುಲ್ಲು ಎಲ್ಲ ಸಿದ್ಧವಿರುತ್ತದೆ ಎಂದುಕೊಂಡು ಅಲ್ಲಿಗೆ ಹೋದರೆ ಕುಲಕರ್ಣಿ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಆ ದಿನ ಇಂಜಿನಿಯರ್ ಯಾರದೋ ಕಟ್ಟೆಯ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಬಾಳೆಹಣ್ಣು ತಿಂದು ಬಂದ. ಹಿಂಡಿಯ ಖಾರಕ್ಕೆ ಎರಡು ದಿನ ಅವನ ಮುಖವೂ ಆ ಹಣ್ಣಿನ ಬಣ್ಣದಲ್ಲೇ ಇತ್ತು ಎಂದು ಜತೆಗೆ ಹೋದವರು ಹೇಳಿದರು.

ಸರಿಶ್ತೇದಾರರು ಪಾನದ ಡಬ್ಬಿ ಮುಚ್ಚಿ ನನ್ನ ಕಡೆ ನೋಡಿದರು. “ಅರೆ ಶಿವಶರಣಪ್ಪ ಮಿಯಾ, ನಿನ್ನ ಇಂಗ್ಲಿಷಿನಾಗ ಎಲ್ಲಾ ಬಂದೇ ಆಗ್ತದೇನು? ಏನರೆ ಚಾಲೂ ಆಗೂದು ಅದನೋ ಇಲ್ಲೋ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ಸುಮ್ಮನಾದದ್ದೇ ನನ್ನ ದೊಡ್ಡ ತಪ್ಪು. ಸರಿಶ್ತೇದಾರರನ್ನು ಕೇಳಿದ್ದರೆ ಅವರು ಅಂದೇ ಹೇಳಿಕೊಡುತ್ತಿದ್ದರು. ಅವರ ಉರ್ದುವಿನಲ್ಲಿ ತಡೆದ ಕೆಲಸಕ್ಕೊಂದು ಮಾತು, ಮುಂದಕ್ಕೆ ಹಾಕಿದ್ದಕ್ಕೊಂದು, ಪೂರ್ತಿ ತೆಗೆದುಹಾಕಿದ್ದಕ್ಕೊಂದು ಬೇರೆ ಬೇರೆ ಇದ್ದವು. ಆದರೆ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂಬ ಜಂಬ ನನಗೆ.

ಆಗ ಕಮಲಾಪುರದಲ್ಲಿ ರಸ್ತೆಯ ಅಂಚಿನ ಒಂದು ಓಣಿಗೆ ಸರಕಾರಿ ಬಾವಿ ತೋಡುತ್ತಿದ್ದರು. ಆ ಓಣಿಯ ಹೆಂಗಸರು ಕುಡಿಯುವ ನೀರಿಗೆ ಅರ್ಧ ಹರದಾರಿ ದೂರದ ಹಳ್ಳಕ್ಕೆ ಹೋಗಬೇಕಾಗಿತ್ತು. ತೋಡುವ ತಂಡದ ಮೇಸ್ತ್ರಿ ಯಲ್ಲಪ್ಪ. ಆರು ಆಳು ಆಳ ಹೋದ ಮೇಲೆ ಕೆಳಗೆ ಬಂಡೆ ಹತ್ತಿತು. ಹಾರೆಗೆ ಜಗ್ಗದ ಬಂಡೆ, ಮದ್ದು ಹಾಕಿ ಸಿಡಿಸಬೇಕು. ಇಂಜಿನಿಯರ್ ಹೋಗಿ ನೋಡಿ ಬಂದು ಎರಡು ಕಾಗದ ಬರೆದ. ಮದ್ದು ಕಳಿಸಿರಿ ಎಂದು ಒಂದು ನೇರವಾಗಿ ಹೈದರಾಬಾದಿಗೆ ಹೋಯಿತು, ಅದು ಆಗ ನಮಗೆ ಗೊತ್ತಿರಲಿಲ್ಲ. ಇನ್ನೊಂದು ನನ್ನ ಮೇಜಿಗೆ ಬಂತು. ಅವನ ಕಾಗದಗಳು ಯಾವಾಗಲೂ ತಂತಿಯಷ್ಟು ಗಿಡ್ಡ. ಬಂಡೆ ಹತ್ತಿದೆ, ಕಮಲಾಪುರದ ಬಾವಿ ಕೆಲಸ ಸಸ್ಪೆಂಡ್ ಮಾಡಿಸಿ ಎಂದಷ್ಟೇ ಅದರಲ್ಲಿ ಇತ್ತು.

ಬಂಡೆ ಹತ್ತಿರುವುದರಿಂದ ಬಾವಿ ಕೆಲಸ ಬಂದ್ ಮಾಡತಕ್ಕದ್ದು ಎಂದು ನಾನು ಬರೆದೆ. ಸರಿಶ್ತೇದಾರರು ಮೊಹರು ಒತ್ತುವ ಮೊದಲು, “ಬಂದ್ ಅಂದ್ರ ಹ್ಯಾಂಗ ಬಂದ್?” ಎಂದು ಕೇಳಿದರು. “ಬಂದ್ ಅಂದ್ರ ಬಂದ್ ರೀ,” ಎಂದೆ. ಅವರು ಹುಬ್ಬು ಏರಿಸಿ ಮೊಹರು ಒತ್ತಿದರು.

ಮೂರು ವಾರವಾದ ಮೇಲೆ ರೈಲಿನಲ್ಲಿ ಮದ್ದಿನ ಪೆಟ್ಟಿಗೆಗಳು ಬಂದಿಳಿದವು. ಹಿಂದೆಯೇ ಇಂಜಿನಿಯರನ ಚೀಟಿ, ಕೆಲಸ ಮತ್ತೆ ಶುರು ಮಾಡಿಸಿ ಎಂದು. ನಾನು ಅದನ್ನು ಕನ್ನಡಕ್ಕೆ ಇಳಿಸಿ ಕಮಲಾಪುರಕ್ಕೆ ಅಟ್ಟಿದೆ. ಕುಲಕರ್ಣಿಯಿಂದ ಉತ್ತರ ಬಂತು. ಸರಕಾರದ ಹುಕುಂ ಪ್ರಕಾರ ಬಾವಿಗೆ ಮಣ್ಣು ತುಂಬಿ, ನೆಲಕ್ಕೆ ಸಮ ಮಾಡಿ, ಗಟ್ಟಿಯಾಗಿ ತುಳಿಸಲಾಗಿದೆ, ಈಗ ಕೆಲಸ ಯಾವ ಬಾವಿಯಲ್ಲಿ ಶುರು ಮಾಡಬೇಕೆಂದು ತಿಳಿಸುವ ಕೃಪೆಯಾಗಲಿ ಎಂದು ಬರೆದಿದ್ದ.

ಕಾಗದವನ್ನು ಸರಿಶ್ತೇದಾರರಿಗೆ ಓದಿ ಹೇಳಿದೆ. ಅವರು ಬೈಯಲಿಲ್ಲ. “ಹೋಗು, ನಿನ್ನ ತರ್ಜುಮೆ ಕಣ್ಣಾರೆ ನೋಡಿ ಬಾ. ಎಲ್ಲಾರ ನಸೀಬದಾಗ ಇಂಥಾದು ನೋಡೂದು ಇರಂಗಿಲ್ಲ,” ಎಂದರು.

ಮರುದಿನ ಬೆಳಿಗ್ಗೆ ಟಾಂಗಾ ಹತ್ತಿದೆ. ಮಧ್ಯಾಹ್ನ ಕಮಲಾಪುರಕ್ಕೆ ಹೋಗಿ ಇಳಿದು ಬಾವಿ ಎಲ್ಲಿ ಎಂದು ಕೇಳಿದರೆ ಜನ ನನ್ನ ಕಾಲ ಕೆಳಗೆ ತೋರಿಸಿದರು. ನಿಜವಾಗಿಯೂ ನಾನು ಅದರ ಮೇಲೆಯೇ ನಿಂತಿದ್ದೆ. ಸರಕಾರದ ಹುಕುಂ ಅಷ್ಟು ಬೇಗ, ಅಷ್ಟು ಚೊಕ್ಕವಾಗಿ ಜಾರಿಯಾದದ್ದನ್ನು ನನ್ನ ಇಡೀ ನೌಕರಿಯಲ್ಲಿ ಮತ್ತೆ ನೋಡಲಿಲ್ಲ. ಅಲ್ಲೇ ಬೇವಿನ ನೆರಳಲ್ಲಿ ಯಲ್ಲಪ್ಪ ಕೂತಿದ್ದ. ನಾನು ಕಚೇರಿಯವನು ಎಂದಷ್ಟೇ ಹೇಳಿ, ಮಣ್ಣು ಯಾಕೆ ಹಾಕಿದಿರಿ ಎಂದು ಕೇಳಿದೆ.

“ನಿಂದ್ರಸ್ರಿ ಅಂದಿದ್ರ ನಿಂದ್ರಸ್ತಿದ್ವಿ ರೀ,” ಎಂದ. “ಸುತ್ತ ಮುಳ್ಳ ಬಡದು, ಹಾರೆ ಬುಟ್ಟಿ ಒಳಗೇ ಬಿಟ್ಟು ಕೂಡ್ತಿದ್ವಿ. ಆದ್ರ ಚಾವಡ್ಯಾಗ ಓದಿದ್ದು ಕೆಲಸಾನೇ ಬಂದ್ ಅಂತ. ಕೈ ಬಿಟ್ಟ ತೆಗ್ಗ ಬಾಯಿ ತಕ್ಕೊಂಡು ಇರಬಾರದ್ರಿ. ಎಮ್ಮಿ ಬೀಳ್ತದ, ಕೂಸು ಬೀಳ್ತದ. ಮಣ್ಣ ಹಾಕೂದು ನಮ್ಮ ಪದ್ಧತಿ.”

“ಅಷ್ಟು ತೋಡಿದ್ದು…”

“ಅದನ್ನ ಕೇಳಬ್ಯಾಡ್ರಿ. ಕೆಳಗಿನ ಬಂಡಿಕಲ್ಲ ಬೆವರಾಕತ್ತಿತ್ತು. ಕೈ ಇಟ್ರ ಅಂಗೈ ಹಸಿ ಆಗ್ತಿತ್ತು. ಮೊದಲನೇ ಬುಟ್ಟಿ ಮಣ್ಣ ನಾನೇ ಹಾಕಿದ್ನಿ. ಆ ದಿನ ನನ್ನ ಗಂಟಲದಾಗ ರೊಟ್ಟಿ ಇಳೀಲಿಲ್ಲ.”

ಆ ಕಾಗದ ನನ್ನದೇ ಎಂಬುದನ್ನು ಮುಚ್ಚಿಟ್ಟೆ. ಟಾಂಗಾ ತಿರುಗಿಸಿಕೊಂಡು ಬಂದೆ.

ಇಂಜಿನಿಯರ್‌ಗೆ ವರದಿ ಹೋಗಬೇಕಾಗಿತ್ತು, ಅವನು ದೂರ ಸಂಚಾರದಲ್ಲಿದ್ದ, ಬರೆಯಬೇಕಾದವನು ನಾನು. ಹುಡುಗರೇ, ತರ್ಜುಮೆದಾರನ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಎಂಬುದು ನನಗೆ ತಿಳಿದದ್ದು ಆ ದಿನ. ಇಂಗ್ಲಿಷಿನಲ್ಲಿ ನಾನು ಏನು ಬರೆದರೂ ಇಲ್ಲಿ ಓದುವವರಿಲ್ಲ. ಉರ್ದು, ಕನ್ನಡದ ಪ್ರತಿಗಳಲ್ಲಿ ಏನಿದ್ದರೂ ಅಲ್ಲಿ ತಿಳಿಯುವವರಿಲ್ಲ. ಅಕಾಲದ ಮಳೆಗೆ ಗೋಡೆ ಕುಸಿದು ಬಾವಿ ತುಂಬಿಕೊಂಡಿತು ಎಂದು ಬರೆದೆ. ಮಳೆಯೇ ಬಾರದ ತಿಂಗಳಲ್ಲಿ ಮಳೆಯನ್ನೂ ತರಿಸಿದೆ. ಇಂಗ್ಲಿಷ್ ಬಹಳ ಚೆಂದ ಬಂದಿತ್ತು.

ಸರಿಶ್ತೇದಾರರು ಅದನ್ನು ಉರ್ದುವಿನಲ್ಲಿ ಹೇಳು ಎಂದರು. ಹೇಳಿದೆ. ಅವರು, “ಗ್ವಾಡಿ ಕುಸೀತು ಅಂದ್ರ ತೋಡಿದಾಂವ ಕಚ್ಚಾ ಕೆಲಸ ಮಾಡ್ಯಾನ ಅಂದಂಗ ಆಗ್ತದಲ್ಲ. ಆ ಮೇಸ್ತ್ರಿ ಹೆಸರೇನು?” ಎಂದರು.

“ಯಲ್ಲಪ್ಪ ರೀ.”

“ಇಂಗ್ಲಿಷ್ ಓದಾಕ ಬರ್ತದೇನು ಅವಗ?”

“ಇಲ್ರಿ. ಯಾವುದೂ ಬರಂಗಿಲ್ಲ.”

“ಹಂಗಾದ್ರ ಕಳಸು. ಅವಗ ಎಂದೂ ಗೊತ್ತಾಗಂಗಿಲ್ಲ. ಮುಂದ ಸರಕಾರಿ ಕೆಲಸ ಯಾಕ ಸಿಗಲಿಲ್ಲ ಅಂತ ಕುಂತು ವಿಚಾರ ಮಾಡ್ತಾನ ಅಷ್ಟೇ,” ಎಂದು ಅವರು ಪಾನದ ಡಬ್ಬಿ ತೆರೆದರು.

ಬಂಡೆ ಬೆವರುತ್ತಿತ್ತು ಎನ್ನುವಾಗ ಯಲ್ಲಪ್ಪ ಅಂಗೈ ತೋರಿಸಿದ ರೀತಿ ಕಣ್ಣೆದುರು ಬಂತು. ಕಾಗದ ಹರಿದು ಹಾಕಿ, ಇದ್ದದ್ದನ್ನು ಇದ್ದಂತೆ ಬರೆದೆ. ಸಸ್ಪೆಂಡ್ ಎಂಬ ಮಾತನ್ನು ನಾನು ತಪ್ಪಾಗಿ ತಿರುಗಿಸಿದೆ, ಮೇಸ್ತ್ರಿಯೂ ಕುಲಕರ್ಣಿಯೂ ನಾನು ಬರೆದದ್ದನ್ನು ನಿಷ್ಠೆಯಿಂದ ಮಾಡಿದರು ಎಂದೆ. ಈ ಸಲ ಇಂಗ್ಲಿಷ್ ಅಷ್ಟೇನೂ ಚೆಂದ ಬರಲಿಲ್ಲ.

ನಾಲ್ಕು ದಿನಕ್ಕೆ ಉತ್ತರ ಬಂತು, ಎಂದಿನಂತೆ ಗಿಡ್ಡ. ಬಾವಿಯನ್ನು ಯಲ್ಲಪ್ಪನೇ ಮತ್ತೆ ತೋಡಲಿ, ನೀರು ಕಾಣುವವರೆಗೆ ತರ್ಜುಮೆದಾರ ಸಸ್ಪೆಂಡ್.

ಅದನ್ನು ದಫ್ತರಕ್ಕಾಗಿ ತರ್ಜುಮೆ ಮಾಡಬೇಕಲ್ಲ, ಮಾಡುವವನು ಯಾರು? ಇಡೀ ಕಚೇರಿ ಕೆಲಸ ಬಿಟ್ಟು ನನ್ನ ಮೇಜಿನ ಸುತ್ತ ನಿಂತಿತು. ಸರಿಶ್ತೇದಾರರು ತಮ್ಮ ಸ್ವಂತ ಲೇಖನಿ ತಂದುಕೊಟ್ಟರು. “ಬರಿ ಮಿಯಾ. ಬಂದ್ ಅಂತ ಬರದ್ರ ನಾ ಈಗಿಂದೀಗ ಮೊಹರು ಒತ್ತತೀನಿ, ನೀ ಸೀದಾ ಎಣ್ಣಿ ಅಂಗಡಿಗಿ ಹೋಗು,” ಎಂದರು. ಅಂದು ಆ ಒಂದು ಮಾತಿನ ತೂಕ ನೋಡಿದಷ್ಟು ಎಚ್ಚರದಿಂದ ನಮ್ಮಪ್ಪ ಎಣ್ಣೆಯನ್ನೂ ತೂಗಿರಲಿಕ್ಕಿಲ್ಲ. ಕಡೆಗೆ ಮೊದಲ ಸಲ ಬಾಯಿ ಬಿಟ್ಟು ಅವರನ್ನೇ ಕೇಳಿದೆ. ತೆಗೆದು ಹಾಕದೆ ತಡೆದು ಇಡುವುದಕ್ಕೆ ಏನೆನ್ನುತ್ತೀರಿ ಎಂದು. “ಮುಅತ್ತಲ್,” ಎಂದರು, “ಇದನ್ನ ಮೊದಲೇ ಕೇಳಿದ್ರ ಒಂದು ಬಾವಿ ಉಳೀತಿತ್ತು.” ಹಾಗೆಯೇ ಬರೆದೆ.

ಮನೆಯಲ್ಲಿ ಕೂತು ಏನು ಮಾಡುವುದು? ನೀರು ಕಂಡರೆ ತಾನೆ ನನಗೆ ನೌಕರಿ. ಬಟ್ಟೆಯ ಗಂಟು ಕಟ್ಟಿಕೊಂಡು ಕಮಲಾಪುರಕ್ಕೆ ಹೋಗಿ, ಮಣ್ಣು ಹೊರುತ್ತೇನೆ ಎಂದು ಯಲ್ಲಪ್ಪನ ಮುಂದೆ ನಿಂತೆ. ಆ ಕಾಗದ ಬರೆದವನು ನಾನೇ ಎಂದು ಅವನಿಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಿಂಬಿ ಇಲ್ಲದ ಬುಟ್ಟಿ ಹೊರಬ್ಯಾಡ್ರಿ, ತಲಿ ತೂತು ಬೀಳ್ತದ,” ಎಂದು ಒಂದು ಹಳೆಯ ಬಟ್ಟೆ ಸುತ್ತಿ ಕೊಟ್ಟ. ಬೇರೆ ಯಾರಿಗೂ ಈ ಸಂಗತಿ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ತರ್ಜುಮೆ ನಾನು ಕಲಿತದ್ದು ಅಲ್ಲಿ. ಬುಟ್ಟಿ ಇಳಿಸಿ ಕೂತಾಗ ಒಂದೊಂದು ಇಂಗ್ಲಿಷ್ ಮಾತನ್ನು ಯಲ್ಲಪ್ಪನ ಮುಂದೆ ಇಡುತ್ತಿದ್ದೆ. ಅವನು ಅರ್ಥ ಕೇಳುತ್ತಿರಲಿಲ್ಲ. “ಅಂದಮ್ಯಾಲ ಹಾರೆ ಎಲ್ಲಿ ಇಡಬೇಕು ಹೇಳ್ರಿ,” ಎನ್ನುತ್ತಿದ್ದ. ಪಾಜ್ ಎಂದರೆ ಹಾರೆ ಕೈಯಲ್ಲೇ ಇರುತ್ತದೆ, ಸೊಂಟ ನೆಟ್ಟಗೆ ಮಾಡಿ ತಂಬಾಕು ಹಾಕಿಕೊಳ್ಳುವುದು. ಅಡ್ಜರ್ನ್ ಎಂದರೆ ಹೊತ್ತು ಮುಳುಗಿತು, ಹಾರೆ ಮನೆಗೆ, ನಾಳೆ ಇಂಥ ಹೊತ್ತಿಗೆ ಮತ್ತೆ ಇಲ್ಲಿಗೆ. ಪೋಸ್ಟ್‌ಪೋನ್ ಎಂದಾಗ, ಪೂಜೆಗೆ ಗೊತ್ತು ಮಾಡಿದ ದಿನ ಬದಲಾಯಿತು, ಇನ್ನೂ ನೆಲಕ್ಕೆ ಹಾರೆಯನ್ನೇ ಹಾಕಿಲ್ಲ ಎಂದು ಅವನೇ ಬಿಡಿಸಿದ. ಸಸ್ಪೆಂಡ್ ಎಂದರೆ ಮುಳ್ಳು ಬಡಿದು, ಹಾರೆ ಒಳಗೇ ಬಿಟ್ಟು, ಬರಬೇಕಾದ್ದು ಬರಲಿ ಎಂದು ಕಾಯುವುದು. ಅಬ್ಯಾಂಡನ್ ಎಂದರೆ ಮಣ್ಣು. ನಿಂತೇ ಹೋಗುವುದು ಎಂಬರ್ಥದ ಸೀಸ್ ಎಂಬುದನ್ನು ಹೇಳುವಾಗ ನಾನೇ ತಡವರಿಸಿದೆ. ಅವನು ಸ್ವಲ್ಪ ಯೋಚಿಸಿ, “ಅದು ನಮ್ಮ ಕೈಯಾಗಿಂದಲ್ರಿ. ಸೆಲಿನೇ ಬತ್ತೂದು,” ಎಂದ. ಎಲ್ಲ ಕಡೆಗೂ ಈ ಅರ್ಥ ಹೊಂದುವುದಿಲ್ಲ ಎಂದು ಆಮೇಲೆ ತಿಳಿಯಿತು. ಆದರೂ ಅಂದಿನಿಂದ ಯಾವ ಹುಕುಂ ತಿರುಗಿಸಿದರೂ, ಇದನ್ನು ಕೇಳಿದವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂದು ಮೊದಲು ನೋಡುತ್ತಿದ್ದೆ. ತಿಳಿಯದಿದ್ದರೆ ಬರೆದವನನ್ನೇ ಹೋಗಿ ಕೇಳುತ್ತಿದ್ದೆ. ಇಂಜಿನಿಯರ್ ಬೇಸರಪಟ್ಟುಕೊಂಡೇ ಎರಡು ಸಾಲು ಹೆಚ್ಚು ಬರೆಯಲು ಕಲಿತ.

ಹೊರುವವರಿಗೆ ಮಧ್ಯಾಹ್ನ ರೊಟ್ಟಿ ತರುತ್ತಿದ್ದವಳು ಆ ಓಣಿಯ ನೀಲಮ್ಮ. ಆಕೆಯ ಸೊಸೆಗೆ ತುಂಬು ಬಸಿರು. ಹಳ್ಳದಿಂದ ಮನೆಗೆ ಬೇಕಾದಷ್ಟೂ ನೀರನ್ನು ನೀಲಮ್ಮ ಒಬ್ಬಳೇ ಹೊರುತ್ತಿದ್ದಳು. ದಿನವೂ ನನ್ನ ಅಂಗೈಗೆ ರೊಟ್ಟಿ ಇಡುವಾಗಲೇ ಆಕೆಯ ಬೈಗುಳ ಶುರುವಾಗುತ್ತಿತ್ತು.

“ತುಂಬಿದ್ದನ್ನ ತೋಡೂದು, ತೋಡಿದ್ದನ್ನ ತುಂಬೂದು! ಆ ಕಾಗದ ಬರದಾನಲ್ಲ, ಅವನ ಕೈ ಸೇದಿ ಹೋಗ್ಲಿ. ಅವನ ಮನ್ಯಾಗ ಮೂರ ದಿನ ನೀರ ಸಿಗಬಾರದು. ತಿನ್ನೋ ತಮ್ಮಾ, ಇನ್ನೊಂದು ರೊಟ್ಟಿ ಹಾಕಲೇನು?”

“ಸಾಕ್ರಿ ಅಕ್ಕಾ,” ಎನ್ನುತ್ತಿದ್ದೆ. ಆಕೆ ಬಿಡುತ್ತಿರಲಿಲ್ಲ. ರೊಟ್ಟಿಯೂ ದಿನಕ್ಕೊಂದು ಹೆಚ್ಚು, ಬೈಗುಳವೂ ದಿನಕ್ಕೊಂದು ಹೊಸದು. ಕಾಗದ ಬರೆದವನ ಮೀಸೆ, ಮೂಗು, ಅವನಿಗೆ ಅಕ್ಷರ ಕಲಿಸಿದ ಪಂತೋಜಿ ಯಾರನ್ನೂ ಉಳಿಸಲಿಲ್ಲ. ಯಲ್ಲಪ್ಪ ಮುಖ ಆ ಕಡೆ ತಿರುಗಿಸಿ ಹೆಗಲು ಕುಣಿಸುತ್ತಿದ್ದ. ಎರಡು ಸಲ ಹೇಳಿಬಿಡಬೇಕೆಂದುಕೊಂಡೆ. ಆಕೆ ಖಾಲಿ ಕೊಡ ಎತ್ತಿಕೊಂಡು ಮತ್ತೆ ಹಳ್ಳದ ಕಡೆ ಹೊರಡುವುದನ್ನು ನೋಡಿದರೆ ಮಾತು ಹೊರಡುತ್ತಿರಲಿಲ್ಲ. ನೌಕರಿಯ ಚಿಂತೆ ಹೋಗಿ, ಈಕೆಯ ಮುಂದೆ ತಲೆಯೆತ್ತಿ ನಿಲ್ಲುವುದು ಯಾವಾಗ ಎಂಬುದೇ ನನ್ನ ಚಿಂತೆಯಾಯಿತು.

ತುಂಬಿದ ಮಣ್ಣು ಪೂರ್ತಿ ಹೊರಗೆ ಬರಲು ತಿಂಗಳ ಮೇಲೆ ಹಿಡಿಯಿತು. ಆಮೇಲೆ ಮದ್ದು ಹಾಕಿದರು. ಮೂರು ಸಲ ಸಿಡಿಸಿದರೂ ಹೊಗೆಯೇ ಹೊರತು ನೀರಿಲ್ಲ. ನಾಲ್ಕನೆಯ ಸಲ ಹೊಗೆ ಅಡಗಿದ ಮೇಲೆ ಒಳಗಿಳಿದ ಯಲ್ಲಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೂಗಿ ಕೇಳಿದರೆ, “ಸುಮ್ಮನಿರ್ರಿ, ಸಪ್ಪಳ ಕೇಳಾಕತ್ತೀನಿ,” ಎಂದ. ಸೆಲೆ ಹೊಡೆಯುತ್ತಿತ್ತು. ಎರಡು ದಿನ ರಾಡಿ ತೆಗೆದು ಚೆಲ್ಲಿದೆವು. ಮೂರನೆಯ ದಿನ ಬೆಳಿಗ್ಗೆ ತಿಳಿನೀರು ನಿಂತಿತ್ತು. ಓಣಿಯ ಹೆಂಗಸರೆಲ್ಲ ಬಂದು ಅರಿಶಿನ ಕುಂಕುಮ ಹಾಕಿದರು, ಮೊದಲ ಕೊಡ ನೀಲಮ್ಮ ಸೇದಲಿ ಎಂದರು. ಆಕೆ ಸೇದಿ ಕೊಡವನ್ನು ಕಟ್ಟೆಯ ಮೇಲಿಟ್ಟಳು. ನಾನು ಹತ್ತಿರ ಹೋಗಿ ಎರಡೂ ಕೈ ಚಾಚಿದೆ.

“ಅಕ್ಕಾ, ನೀವು ದಿನಾ ಬೈದ ಕೈ ಇದೇ ನೋಡ್ರಿ. ಕಾಗದ ಬರದಾಂವ ನಾನೇ.”

ಆಕೆಗೆ ಆಶ್ಚರ್ಯವೇ ಆಗಲಿಲ್ಲ. “ಗೊತ್ತದ ಬಿಡೋ ಯಪ್ಪಾ. ನೀ ಬಂದ ದಿನಾನೇ ಗೊತ್ತಾಗ್ಯಾದ. ಬುಟ್ಟಿ ಹಿಡ್ಯಾಕ ಬಾರದಾಂವ, ಹತ್ತಿಯಂಥಾ ಕೈ ಇದ್ದಾಂವ, ಕಲಬುರಗಿ ಬಿಟ್ಟು ಇಲ್ಲಿ ಮಣ್ಣ ಹೊರಾಕ ಯಾಕ ಬರ್ತಾನ? ಗೊತ್ತಿದ್ದೇ ನಿನ್ನ ಕಿವಿಗಿ ಬೀಳೂ ಹಂಗ ಬೈದೀನಿ.”

ನನಗೆ ನಗು ಬಂತು, ಅದರ ಜತೆಗೆ ಕಣ್ಣಲ್ಲಿ ನೀರೂ ಬಂತು. “ಹಂಗಾದ್ರ ಬೈಯೂದು ಇವತ್ತಿಗಿ ಮುಗೀತಲ್ರಿ?” ಎಂದೆ.

“ಮುಗಿಸಿಲ್ಲ. ತಡದು ಇಟ್ಟೀನಿ,” ಎಂದು ಆಕೆ ಕೊಡ ಬಗ್ಗಿಸಿ ನನ್ನ ಬೊಗಸೆಗೆ ನೀರು ಸುರಿದಳು. “ಸವಳ ಅದನೋ ಸಿಹಿ ಅದನೋ, ಕುಡದು ಹೇಳು.”

ಓಣಿಯೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು. ಕುಡಿದೆ.

“ಸಿಹಿ ಅದ ರೀ ಅಕ್ಕಾ.”

“ಹಂಗಾದ್ರ ಈಗ ಮುಗೀತು,” ಎಂದು ನೀಲಮ್ಮ ಕೊಡವನ್ನು ಸೊಂಟಕ್ಕೇರಿಸಿ ಸೊಸೆಯಿದ್ದ ಮನೆಯ ಕಡೆ ನಡೆದಳು.